ಸೈಬರ್ ಅರಿವಿನಲ್ಲಿ ಮಕ್ಕಳಿಗೆ ಹೇಳದೆ ಬಿಟ್ಟಿದ್ದು

ಯಾದಗಿರಿ, ಶಹಾಪುರ, ಸುರಪುರದ ಶಾಲೆ-ಕಾಲೇಜುಗಳಲ್ಲಿ ಸೈಬರ್ ಅರಿವು ಕಾರ್ಯಕ್ರಮ ಈಗ ಮಾಮೂಲಾಗಿದೆ. ಒಟಿಪಿ ಕೊಡಬೇಡಿ, ಲಿಂಕ್ ಒತ್ತಬೇಡಿ, ದುಡ್ಡು ಹೋದರೆ 1930ಕ್ಕೆ ಕರೆ ಮಾಡಿ ಎನ್ನುವಷ್ಟರಲ್ಲಿ ಅರ್ಧ ಭಾಷಣ ಮುಗಿಯುತ್ತದೆ. ಉಳಿದರ್ಧ ಹುಡುಗಿಯರಿಗೆ: ಫೋಟೋ ಹಾಕಬೇಡಿ, ಗುರುತಿಲ್ಲದವರ ಜೊತೆ ಮಾತಾಡಬೇಡಿ. ಕಾಳಜಿಯಿಂದಲೇ ಹೇಳುವ ಮಾತುಗಳಿವು. ಆದರೆ ಮಕ್ಕಳನ್ನು ಕಾಯುವ ಕೆಲಸದಲ್ಲಿ ಸೋಲುತ್ತವೆ.

ಎಂಟನೇ ತರಗತಿಯ ಹುಡುಗಿಯ ಕಷ್ಟವೇ ಬೇರೆ. ವಾರ್ಷಿಕೋತ್ಸವದ ಗ್ರೂಪ್ ಫೋಟೋದಿಂದ ಅವಳ ಮುಖ ಕತ್ತರಿಸಿ, ಅವಳದೇ ಹೆಸರಲ್ಲಿ ಇನ್‌ಸ್ಟಾಗ್ರಾಂ ಖಾತೆ ತೆರೆದು, ಕೆಳಗೆ ಹೊಲಸು ಮಾತು ಬರೆದಿರುತ್ತಾರೆ. ಆ ಫೋಟೋವನ್ನು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದವರು ದೊಡ್ಡವರೇ. ‘ಫೋಟೋ ಹಾಕಬೇಡಿ’ ಎಂಬ ಉಪದೇಶ ಅವಳ ಕಿವಿಗೆ ‘ತಪ್ಪು ನಿನ್ನದೇ’ ಎಂದೇ ಬೀಳುತ್ತದೆ. ಮನೆಯಲ್ಲಿ ಬಾಯಿಬಿಟ್ಟರೆ ಮೊದಲ ಪ್ರಶ್ನೆ, ‘ನಿನಗ್ಯಾಕ ಬೇಕಿತ್ತು ಫೋನು?’ ಫೋನು ಕಸಿದುಕೊಂಡ ಮೇಲೆ ಸಾಲಿ ಬಿಡಿಸುವ ಮಾತು, ಅದರ ಬೆನ್ನಿಗೇ ಗಂಡು ನೋಡುವ ಮಾತು. 2011ರ ಜನಗಣತಿಯಲ್ಲಿ ಶೇ 51.83 ಸಾಕ್ಷರತೆಯೊಂದಿಗೆ ರಾಜ್ಯದಲ್ಲೇ ಕೊನೆಯಲ್ಲಿದ್ದ ಜಿಲ್ಲೆ ಯಾದಗಿರಿ. ಹೆಂಗಸರಲ್ಲಿ ಅದು ಶೇ 41.38. ಇಲ್ಲಿ ಒಬ್ಬ ಹುಡುಗಿ ಸಾಲಿ ಬಿಟ್ಟರೆ ಆ ಕಿಡಿಗೇಡಿ ತಾನು ಬಯಸಿದ್ದಕ್ಕಿಂತ ಹೆಚ್ಚೇ ಗೆದ್ದಂತೆ.

ಫೋನಿಲ್ಲದೆ ಇರುವುದೂ ಆಗದ ಮಾತು. ಅಪ್ಪ-ಅವ್ವ ಬೆಂಗಳೂರಿಗೋ ಪುಣೆಗೋ ಗುಳೆ ಹೋದಾಗ, ಅಜ್ಜಿಯ ಬಳಿ ಉಳಿದ ಮಗುವಿಗೆ ಅವರ ದನಿ ಕೇಳುವುದು ಅದರಲ್ಲೇ.

ಸಿಟ್ಟಿಗೆದ್ದ ಮನೆಯವರು ಫೋನಿನಲ್ಲಿದ್ದುದನ್ನೆಲ್ಲ ಅಳಿಸಿಬಿಡುತ್ತಾರೆ. ಅಲ್ಲಿಗೆ ಸಾಕ್ಷ್ಯವೂ ಹೋಯಿತು. ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಬೇಕು, ಖಾತೆಯ ಲಿಂಕ್ ಬರೆದಿಟ್ಟುಕೊಳ್ಳಬೇಕು, ಆ ಸ್ಕ್ರೀನ್‌ಶಾಟನ್ನು ಬೇರೆ ಯಾರಿಗೂ ಕಳಿಸಬಾರದು. ಖಾತೆಯ ಮೇಲೆ ಕಾಣುವ ಹೆಸರನ್ನು ಆ ಕಿಡಿಗೇಡಿ ಯಾವಾಗ ಬೇಕಾದರೂ ಬದಲಿಸಬಲ್ಲ. ಖಾತೆ ತೆರೆದ ಮೊಬೈಲ್ ನಂಬರು, ಐಪಿ ವಿಳಾಸವನ್ನು ಪೊಲೀಸರು ಕಂಪನಿಯಿಂದ ಕೇಳಬೇಕಾದರೆ ಲಿಂಕ್ ಬೇಕು. ಹತ್ತು ನಿಮಿಷದಲ್ಲಿ ಕಲಿಸಬಹುದಾದ ಇದನ್ನು ಯಾವ ವೇದಿಕೆಯಲ್ಲೂ ಕಲಿಸಿದ್ದು ನಾನು ಕಂಡಿಲ್ಲ.

ಕಾನೂನನ್ನಂತೂ ಹೆದರಿಸಲು ಮಾತ್ರ ಬಳಸುತ್ತಾರೆ. ಲೈಂಗಿಕ ಉದ್ದೇಶದಿಂದ ಮಗುವನ್ನು ಫೋನಿನಲ್ಲಿ ಪದೇ ಪದೇ ಕಾಡುವುದು 2012ರ ಪೋಕ್ಸೊ ಕಾಯ್ದೆಯ 11ನೇ ಸೆಕ್ಷನ್ನಿನಡಿ ಅಪರಾಧ. ಹೆಸರು ಮರೆಮಾಚಿ ಬೆದರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 351ನೇ ಸೆಕ್ಷನ್ 2 ವರ್ಷದವರೆಗೆ ಹೆಚ್ಚುವರಿ ಶಿಕ್ಷೆ ಸೇರಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಪೋಕ್ಸೊದ 24ನೇ ಸೆಕ್ಷನ್. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ, ಇಲ್ಲವೇ ಅದು ಹೇಳಿದ ಜಾಗದಲ್ಲಿ ಪಡೆಯಬೇಕು, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿಲ್ಲದ ಮಹಿಳಾ ಅಧಿಕಾರಿಯೇ ಬರಬೇಕು, ಖಾಕಿ ತೊಟ್ಟಿರಬಾರದು. ‘ಮನಿ ಮುಂದ ಪೊಲೀಸರು ನಿಂತ್ರ ಮಾನ ಹೋಗ್ತದ’ ಎಂದು ನುಂಗಿಕೊಳ್ಳುವ ತಂದೆಗೆ ಹೇಳಬೇಕಾದದ್ದು ಇದು.

ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ದೊಡ್ಡ ಅನುಕೂಲ, ನಿಜ. ಆದರೆ ದೂರು ಎಲ್ಲಿಗೆ ಬಂತೆಂದು ತಿಳಿಯಲು ಮೊಬೈಲ್ ನಂಬರು, ಒಟಿಪಿ ಬೇಕು. 18 ತುಂಬದವರ ಹೆಸರಲ್ಲಿ ಸಿಮ್ ಸಿಗುವುದಿಲ್ಲ. ನಂಬರು ಅಪ್ಪನದೋ ಅಣ್ಣನದೋ ಆಗಿರುತ್ತದೆ. ಹುಡುಗಿ ಯಾರಿಗೆ ಹೆದರಿ ವಿಷಯ ಬಚ್ಚಿಟ್ಟಳೋ ಅವರ ಕೈಗೇ ಒಟಿಪಿ ಬರುತ್ತದೆ. ಹೆಸರು ಹೇಳದೆ ದೂರು ಕೊಟ್ಟರೆ ಅದು ಏನಾಯಿತೆಂದು ಗೊತ್ತಾಗುವುದಿಲ್ಲ. ಸೈಬರ್ ಅಪರಾಧಗಳ ಠಾಣೆ ಇರುವುದು ಯಾದಗಿರಿಯಲ್ಲಿ. ಸುರಪುರದ ಹಳ್ಳಿಯವರು ಅಲ್ಲಿಗೆ ಹೋಗಿಬರಲು ಒಂದು ದಿನದ ಕೂಲಿ ಬಿಡಬೇಕು. ಹಗಲು-ರಾತ್ರಿ ಉಚಿತವಾಗಿ ಸಿಗುವ ಮಕ್ಕಳ ಸಹಾಯವಾಣಿ 1098 ನಮ್ಮ ಮಕ್ಕಳಿಗೆ 1930ಕ್ಕಿಂತ ಮೊದಲು ಬಾಯಿಪಾಠವಾಗಬೇಕಿತ್ತು.

ಇನ್ನೊಂದು ಕೊರತೆ ನನಗೆ ಬಹಳ ನೋವು ಕೊಡುತ್ತದೆ. ಕಾಟ ಕೊಡುವವನು ಎಷ್ಟೋ ಸಲ ಅದೇ ತರಗತಿಯ ಹುಡುಗ. 18 ತುಂಬದ ಅವನ ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆಂದು ಅವನಿಗೂ ತಿಳಿದಿಲ್ಲ, ಅವನ ಅವ್ವನಿಗೂ ತಿಳಿದಿಲ್ಲ. ಅವನನ್ನೂ, ಗ್ರೂಪಿನಲ್ಲಿ ನಕ್ಕು ಸುಮ್ಮನಾದ ಅವನ ಗೆಳೆಯರನ್ನೂ ಕೂಡಿಸಿ ಮಾತಾಡುವ ಭಾಗ ಈ ಕಾರ್ಯಕ್ರಮಗಳಲ್ಲಿ ಇಲ್ಲ. ತಂದೆ-ತಾಯಿಗಳಂತೂ ಅಲ್ಲಿರುವುದೇ ಇಲ್ಲ. ಗ್ರಾಮ ಪಂಚಾಯ್ತಿಗಳು ನಡೆಸುವ ಮಕ್ಕಳ ಗ್ರಾಮಸಭೆಗೆ ಇವರೆಲ್ಲರನ್ನೂ ಕರೆಸಿ, ಆ 24ನೇ ಸೆಕ್ಷನ್ನನ್ನು ಅವರ ಮಾತಿನಲ್ಲೇ ಬಿಡಿಸಿ ಹೇಳಲು ಸರ್ಕಾರದಿಂದ ಹೊಸ ಆದೇಶವೇನೂ ಬರಬೇಕಿಲ್ಲ.