ಇಲ್ಲೇ ಇರುತ್ತೀಯಾ?

ಹಲಸೂರಿನಲ್ಲಿ ಹುಟ್ಟಿ ಈಗ ಕೆ.ಆರ್.ಪುರದಲ್ಲಿರುವ ಗೆಳೆಯನೊಬ್ಬ ಕೆನಡಾದ ಒಂದು ಪ್ರಾಂತ್ಯಕ್ಕೆ ಬರೆದ ಪತ್ರವನ್ನು ತಿದ್ದಿಕೊಡು ಎಂದ. ತಾನು ಕಂಡೇ ಇರದ ಆ ಪ್ರಾಂತ್ಯದಲ್ಲಿ ಏಕೆ ನೆಲೆಸಬೇಕೆಂದಿದ್ದೇನೆ ಎಂದು ಅವನು ಅದರಲ್ಲಿ ವಿವರಿಸಿದ್ದ. ಪ್ರಾಂತ್ಯ ಅವನ ಹೆಸರು ಸೂಚಿಸಿದರೆ ವಲಸೆಯ 1200 ಅಂಕಗಳಲ್ಲಿ 600 ಒಮ್ಮೆಗೇ ಸಿಗುತ್ತವೆ. ಮೂವತ್ತಾದ ಮೇಲೆ ವಯಸ್ಸಿನ ಅಂಕ ವರ್ಷವರ್ಷವೂ ಇಳಿಯುತ್ತದೆ, ಅವನಿಗೆ ಇಪ್ಪತ್ತೊಂಬತ್ತು.

ಪತ್ರ ತಿದ್ದಿದ ರಾತ್ರಿ ಗುರುಪ್ರಸಾದ ಕಾಗಿನೆಲೆಯವರ ‘ಹಿಜಾಬ್’ ಕಾದಂಬರಿಯನ್ನು ಮತ್ತೆ ತೆರೆದೆ. ಮಿನೆಸೋಟಾದ ಅಮೋಕ ಎಂಬ ಊರಿನ ಆಸ್ಪತ್ರೆ, ಅಲ್ಲಿ ದುಡಿಯುವ ಭಾರತೀಯ ವೈದ್ಯರು, ಸಿಸೇರಿಯನ್ ಬೇಡವೆನ್ನುವ ಆಫ್ರಿಕದ ವಲಸೆ ಹೆಂಗಸರು. ಇದನ್ನು ಸಂಸ್ಕೃತಿಗಳ ಘರ್ಷಣೆಯೆಂದು ಓದುವುದು ಸುಲಭ. ಆದರೆ ಅಂಥ ಊರುಗಳಿಗೆ ನಮ್ಮ ವೈದ್ಯರು ಹೋಗುವುದಾದರೂ ಏಕೆ?

ಜೆ-1 ವೀಸಾದಲ್ಲಿ ಅಮೆರಿಕಕ್ಕೆ ತರಬೇತಿಗೆ ಹೋದ ವೈದ್ಯರು ಆಮೇಲೆ ಎರಡು ವರ್ಷ ತಾಯ್ನಾಡಿನಲ್ಲಿರಬೇಕು. 1994ರಲ್ಲಿ ಬಂದ ಏರ್ಪಾಡಿನಂತೆ, ರಾಜ್ಯವೊಂದು ಶಿಫಾರಸು ಮಾಡಿದರೆ ಇದರಿಂದ ವಿನಾಯಿತಿ ಸಿಗಬಹುದು. ಈಗ ಒಂದು ರಾಜ್ಯಕ್ಕೆ ವರ್ಷಕ್ಕೆ 30 ಮಂದಿ. ಪ್ರತಿಯಾಗಿ ವೈದ್ಯರ ಕೊರತೆಯಿರುವ ಕಡೆ 3 ವರ್ಷ ದುಡಿಮೆ. ಊರಿಗೆ ವೈದ್ಯ ಬೇಕು, ವೈದ್ಯನಿಗೆ ಗ್ರೀನ್ ಕಾರ್ಡ್ ಬೇಕು.

ನಮ್ಮ ವಲಸೆ ಬರಹಗಳು ಬಹಳ ಕಾಲ ‘ಊರಿಗೆ ಮರಳುತ್ತೀಯಾ?’ ಎಂದೇ ಕೇಳಿಕೊಂಡು ಬಂದಿವೆ. ‘ಹಿಜಾಬ್’ ನನಗೆ ಮುಖ್ಯವಾಗುವುದು ಅದು ‘ಇಲ್ಲೇ ಇರುತ್ತೀಯಾ?’ ಎಂಬ ಪ್ರಶ್ನೆಯನ್ನು ಎದುರಿಗಿಡುವುದರಿಂದ. ಕಥೆಯನ್ನು ನಾವು ವೈದ್ಯರ ಪಕ್ಕದಲ್ಲಿ ಕೂತೇ ಕೇಳುತ್ತೇವೆ. ಆ ಹೆಂಗಸರ ಮನಸ್ಸು ದೂರವೇ ಉಳಿಯುತ್ತದೆ. ಇದು ಕೊರತೆಯೇ. ಆದರೂ ಆ ದೂರ ನಿಜವಾದದ್ದು: ಅವರಿಗೆ ಬದುಕಲು ಊರು ಬೇಕು, ಇವರಿಗೆ ಅವಧಿ ಮುಗಿಯಬೇಕು. ಒಂದೇ ಊರಿನ ಇಬ್ಬರು ಹೊಸಬರಲ್ಲಿ ಯಾರು ಅಲ್ಲಿಯವರು?

ಉತ್ತರ ನಮ್ಮ ಪಕ್ಕದಲ್ಲೇ ಇರಬಹುದು. 1809ರಲ್ಲಿ ಹಲಸೂರಿನ ಬಳಿ ಬ್ರಿಟಿಷರ ದಂಡು ಬೀಡುಬಿಟ್ಟಿತು. ದಂಡಿಗೆ ಬೇಕಾದ ಕೆಲಸಗಳಿಗೆ ತಮಿಳು ಸೀಮೆಯಿಂದ ಜನ ಬಂದರು. ಗೆಳೆಯನ ಹಿರೀಕರು ಅಂಥವರು. ಅವನ ಮನೆಮಾತು ತಮಿಳು, ಜಗಳದ ಮಾತು ಕನ್ನಡ. ‘ಇಲ್ಲೇ ನೆಲೆಸುತ್ತೇವೆ’ ಎಂದು ಆ ಹಿರಿಯರಿಂದ ಯಾರೂ ಪತ್ರ ಬರೆಸಿಕೊಳ್ಳಲಿಲ್ಲ. ದಂಡು ಹೋಯಿತು, ಅವರು ಉಳಿದರು.

ಕಾಯಂ ವಾಸದ ಹಕ್ಕು ಸಿಕ್ಕ ಮೇಲೆ ಕೆನಡಾದ ಸಂವಿಧಾನದಂತೆ ಯಾವ ಪ್ರಾಂತ್ಯಕ್ಕಾದರೂ ಹೋಗಿ ಬದುಕಬಹುದು. ಪತ್ರ ಹಿಂದಿರುಗಿಸುವಾಗ ಕೇಳಿದೆ: “ನಿಜವಾಗ್ಲೂ ಅಲ್ಲೇ ಇರ್ತೀಯಾ?”

“ಹೋಗಿ ನೋಡ್ಬೇಕಲ್ವಾ ಮಗಾ” ಎಂದ. ಪತ್ರದಲ್ಲಿ ಆ ಮಾತಿಗೆ ಜಾಗವಿರಲಿಲ್ಲ. ಕಾದಂಬರಿಯಲ್ಲಿ ಇದೆ.