ಸಂತೆಯೋ ಸಭೆಯೋ: ಒಂದು ಗ್ರಂಥವಿಮರ್ಶೆ

ವಾಕ್ಸ್ವಾತಂತ್ರ್ಯಕ್ಕೂ ಪ್ರಜೆಗಳ ಸ್ವಯಮಾಡಳಿತಕ್ಕೂ ಇರುವ ಸಂಬಂಧವನ್ನು ಕುರಿತು ಅಮೆರಿಕಾದ ತತ್ತ್ವಶಾಸ್ತ್ರಜ್ಞರಾದ ಅಲೆಕ್ಸಾಂಡರ್ ಮೈಕಲ್‌ಜಾನ್‌ರವರು 1948ರಲ್ಲಿ ಪ್ರಕಟಿಸಿದ ಗ್ರಂಥವು ಗಾತ್ರದಲ್ಲಿ ಕಿರಿದಾದರೂ, ಅದು ಎತ್ತಿರುವ ಪ್ರಶ್ನೆಯು ಹಿರಿದಾದುದು. ರಾಜ್ಯಾಂಗವು ಮಾತನ್ನು ರಕ್ಷಿಸುವುದು ಆಡುವವನ ಹಿತಕ್ಕಾಗಿಯೋ, ಕೇಳುವವರ ಹಿತಕ್ಕಾಗಿಯೋ?

ಇಲ್ಲಿ ಪೂರ್ವಪಕ್ಷವು ನ್ಯಾಯಮೂರ್ತಿ ಹೋಮ್ಸ್‌ರವರದು. ರಷ್ಯಾಕ್ಕೆ ಸೈನ್ಯವನ್ನು ಕಳುಹಿಸಿದುದನ್ನು ಖಂಡಿಸಿ 1918ರಲ್ಲಿ ನ್ಯೂಯಾರ್ಕಿನಲ್ಲಿ ಕರಪತ್ರಗಳನ್ನು ಹಂಚಿದ ಏಬ್ರಮ್ಸ್ ಮೊದಲಾದವರಲ್ಲಿ ಮೂವರಿಗೆ 20 ವರ್ಷಗಳ ಸೆರೆಯು ವಿಧಿಸಲ್ಪಟ್ಟಿತು. 1919ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ಎತ್ತಿಹಿಡಿದಾಗ ಹೋಮ್ಸ್‌ರವರು ಭಿನ್ನಮತವನ್ನು ಬರೆದರು. ಬ್ರಾಂಡೈಸ್‌ರವರು ಅದಕ್ಕೆ ಸಮ್ಮತಿಸಿದರು. ಅಭಿಪ್ರಾಯಗಳು ಪೇಟೆಯ ಸರಕಿನಂತೆ ಪರಸ್ಪರ ಸ್ಪರ್ಧಿಸಲಿ, ಅಲ್ಲಿ ಗೆಲ್ಲುವ ಶಕ್ತಿಯೇ ಸತ್ಯಕ್ಕೆ ಒರೆಗಲ್ಲು ಎಂಬುದು ಆ ಮತದ ಸಾರವು. ಆದರೆ ಅದೇ ವರ್ಷ ಷೆಂಕ್ ಎಂಬವರ ಮೊಕದ್ದಮೆಯಲ್ಲಿ, ಸ್ಪಷ್ಟವೂ ಸನ್ನಿಹಿತವೂ ಆದ ಅಪಾಯವಿದ್ದಲ್ಲಿ ಮಾತನ್ನು ದಂಡಿಸಬಹುದೆಂದು ಹೇಳಿ ಸೆರೆಯನ್ನು ಸ್ಥಿರಪಡಿಸಿದವರೂ ಅವರೇ.

ಗ್ರಂಥಕರ್ತರು ಈ ಅಪಾಯದ ಅಳತೆಗೋಲನ್ನು ನಿರಾಕರಿಸುತ್ತಾರೆ. ಅವರ ದೃಷ್ಟಾಂತವು ಊರಸಭೆ. ಅಲ್ಲಿ ಪ್ರಜೆಗಳೇ ಪ್ರಭುಗಳು. ತೀರ್ಮಾನಿಸಬೇಕಾದವರಿಂದ ಯಾವ ವಿಚಾರವನ್ನೂ ಮರೆಮಾಡಲಾಗದು. ಎಲ್ಲರೂ ಮಾತನಾಡುವುದಕ್ಕಿಂತಲೂ ಆಡತಕ್ಕದ್ದೆಲ್ಲವೂ ಕೇಳಿಬರುವುದು ಮುಖ್ಯ. ಆದುದರಿಂದ ರಾಜ್ಯಕಾರ್ಯವನ್ನು ಕುರಿತ ಮಾತಿಗೆ ಅಬಾಧಿತವಾದ ರಕ್ಷಣೆಯೂ, ಖಾಸಗಿ ಮಾತಿಗೆ ಅದಕ್ಕಿಂತ ಕೆಳಗಿನ ರಕ್ಷಣೆಯೂ ಸಲ್ಲುತ್ತವೆ.

ಸಂತೆಗಿಂತ ಸಭೆಯು ಮೇಲೆಂಬುದರಲ್ಲಿ ಸಂದೇಹವಿಲ್ಲ. ಸಂತೆಯಲ್ಲಿ ಗಟ್ಟಿಯಾಗಿ ಕೂಗುವವನ ಜೊಳ್ಳೂ ಮಾರಾಟವಾಗುತ್ತದೆ. ನಮ್ಮ ನ್ಯಾಯಶಾಸ್ತ್ರಕಾರರು ತತ್ತ್ವನಿರ್ಣಯಕ್ಕಾಗಿ ನಡೆಯುವ ವಾದವನ್ನು ಜಯಕ್ಕಾಗಿ ನಡೆಯುವ ಜಲ್ಪದಿಂದ ಬೇರ್ಪಡಿಸಿದ್ದಾರಷ್ಟೆ. ಗ್ರಂಥಕರ್ತರ ಸಭೆಯು ವಾದಕ್ಕೆ ಸಮೀಪವಾದುದು.

ಆದರೆ ದೋಷವೂ ಇಲ್ಲಿಯೇ ಅಡಗಿದೆ. ಸಭೆಗೊಬ್ಬ ಅಧ್ಯಕ್ಷನು ಬೇಕು. ಇದು ಪ್ರಸ್ತುತ, ಇದು ಅಪ್ರಸ್ತುತ ಎಂದು ಅವನೇ ವಿಂಗಡಿಸಬೇಕು. ಕಾವ್ಯನಾಟಕಗಳು ಯಾವ ಕಡೆಗೆ ಸೇರುವುವು? ಈ ಆಕ್ಷೇಪವನ್ನು ಚೇಫಿ ಎಂಬ ನ್ಯಾಯಪಂಡಿತರು ಒಡನೆಯೇ ಎತ್ತಿದರು. 1961ರಲ್ಲಿ ಮೈಕಲ್‌ಜಾನ್‌ರವರು ಸಾಹಿತ್ಯಕಲೆಗಳನ್ನೂ ಪ್ರಜೆಯ ವಿವೇಕಪೋಷಕಗಳೆಂದು ಒಳಗೆ ಸೇರಿಸಿಕೊಂಡರು. ಎಲ್ಲೆಯು ವಿಸ್ತಾರವಾಯಿತು, ಎಲ್ಲೆಯನ್ನು ಗುರುತಿಸುವ ಅಧಿಕಾರವು ಮಾತ್ರ ಉಳಿಯಿತು. ಏಬ್ರಮ್ಸ್‌ರ ಕರಪತ್ರವನ್ನು ಅಪ್ರಸ್ತುತವೆನ್ನುವ ಅಧ್ಯಕ್ಷನು ಯುದ್ಧಕಾಲದಲ್ಲಿ ದುರ್ಲಭನಲ್ಲ.

1969ರಲ್ಲಿ ಬ್ರಾಂಡನ್‌ಬರ್ಗ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು, ತತ್‌ಕ್ಷಣದ ಕಾನೂನುಭಂಗವನ್ನು ಪ್ರಚೋದಿಸುವುದಕ್ಕಾಗಿಯೇ ಆಡಿದ, ಅದನ್ನು ಉಂಟುಮಾಡುವ ಸಂಭವವೂ ಉಳ್ಳ ಮಾತನ್ನು ಮಾತ್ರ ದಂಡಿಸಬಹುದೆಂದು ವಿಧಿಸಿತು. ಗ್ರಂಥಕರ್ತರು ತ್ಯಜಿಸಿದ ಅಳತೆಗೋಲೇ ಹೀಗೆ ಬಿಗಿಗೊಂಡು, ಮಾತಿನ ಯೋಗ್ಯತೆಯನ್ನು ತೂಗುವ ಕೆಲಸದಿಂದ ಅಧಿಕಾರಿಯನ್ನು ಬಹುಮಟ್ಟಿಗೆ ಬಿಡಿಸಿತು. ರಕ್ಷಣೆಯು ಏಕೆ ಬೇಕೆಂಬುದನ್ನು ಈ ಗ್ರಂಥವು ಚೆನ್ನಾಗಿ ತಿಳಿಸುತ್ತದೆ. ಹೇಗೆಂಬುದನ್ನು ಓದುಗರು ಬೇರೆಡೆಯಲ್ಲಿ ಹುಡುಕಬೇಕು. ಆದರೂ ವಿಚಾರಶೀಲರಿಗೆ ಇದು ಅವಶ್ಯಪಠನೀಯವು.