ಪಿಯಾನೊ ಬಿಟ್ಟು ಕೂತ ಜಾಝ್

ಫ್ಯೂಷನ್ ಕಛೇರಿ ಅಂದರೆ ನಮ್ಮಲ್ಲಿ ಒಂದೇ ಚಿತ್ರ. ಎಡಕ್ಕೆ ಕೀಬೋರ್ಡ್, ಬಲಕ್ಕೆ ಡ್ರಮ್ ಸೆಟ್, ನಡುವೆ ಕೊಳಲೋ ಪಿಟೀಲೋ. ಇವರದು ನಾಲ್ಕು ಆವರ್ತ, ಅವರದು ನಾಲ್ಕು ಆವರ್ತ, ಕೊನೆಗೆ ಎಲ್ಲರೂ ಸೇರಿ ಜೋರಾಗಿ ಒಂದು ತಿಹಾಯಿ. ಚಪ್ಪಾಳೆ ಬೀಳುತ್ತದೆ, ಸಂಗೀತ ಮಾತ್ರ ಬೆರೆತಿರುವುದಿಲ್ಲ. ಸರದಿ ಹಂಚಿಕೊಂಡದ್ದನ್ನೇ ಬೆರಕೆ ಎಂದು ನಂಬಿಸುವ ಈ ಪದ್ಧತಿಗೆ ಕರ್ನಾಟಕದಲ್ಲೇ ಒಂದು ಗಟ್ಟಿ ಉತ್ತರ ಇದೆ.

ಮೃದಂಗ ವಾದಕ ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಟ್ಟಿದರು. ಬಾಸ್ಟನ್ನಿನಲ್ಲಿ ಹುಟ್ಟಿದ ಜಾಝ್ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಈ ಕಾಲೇಜಿನ ತಂಡದ ಜೊತೆ ಸೇರಿ ಮಾಡಿದ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ 1983ರದು. ಹೊರತಂದದ್ದು ಜರ್ಮನಿಯ ಇ.ಸಿ.ಎಂ. ಕಂಪನಿ. ಇದ್ದವರು ಐದೇ ಜನ. ಆರ್.ಎ. ರಮಾಮಣಿ ಅವರ ಹಾಡು ಮತ್ತು ತಂಬೂರಿ, ಮಣಿ ಅವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ, ಮತ್ತೆ ಮರಿಯಾನೊ. ಪಿಯಾನೊ ಇಲ್ಲ, ಗಿಟಾರ್ ಇಲ್ಲ, ಬಾಸ್ ಕೂಡ ಇಲ್ಲ. ಮುದ್ರಿಕೆ ಶುರುವಾಗುವುದು ರಮಾಮಣಿ ಒಬ್ಬರೇ ಹಾಡುವುದರಿಂದ. ಹೆಸರಾಂತ ಅತಿಥಿ ಸುಮ್ಮನೆ ಕಾಯುತ್ತಾನೆ! ನಮ್ಮ ಎಷ್ಟು ಫ್ಯೂಷನ್ ವೇದಿಕೆಗಳಲ್ಲಿ ಇದು ಸಾಧ್ಯ?

ಪಿಯಾನೊ ಕೈಬಿಟ್ಟದ್ದರಲ್ಲೇ ಈ ತಂಡದ ಜಾಣ್ಮೆಯಿದೆ. ರಾಗದ ಕೆಳಗೆ ಸ್ವರಮೇಳಗಳನ್ನು ಜೋಡಿಸತೊಡಗಿದರೆ ಗಮಕಕ್ಕೆ ಉಸಿರಾಡಲು ಜಾಗ ಸಿಗುವುದಿಲ್ಲ. ಅದನ್ನು ತೆಗೆದುಹಾಕಿ ಲಯವನ್ನೇ ಇಬ್ಬರ ಸಾಮಾನ್ಯ ಭಾಷೆ ಮಾಡಿಕೊಂಡರು. ಲಯವನ್ನು ಬಾಯಲ್ಲೇ ನುಡಿಸುವ ಕೊನ್ನಕ್ಕೋಲಿನ ಐದು, ಏಳರ ಲೆಕ್ಕ ಜಾಝ್‌ನವನಿಗೆ ಹೊಸದು, ಆದರೆ ಕಲಿಯಬಲ್ಲದ್ದು. ಇನ್ನೊಬ್ಬರ ಮಾತಿಗೆ ಕಿವಿಗೊಟ್ಟು ಅಲ್ಲಲ್ಲೇ ಉತ್ತರಿಸುವ ಶಿಸ್ತು ಪಾಶ್ಚಾತ್ಯರ ಚೇಂಬರ್ ಸಂಗೀತದ ಜೀವಾಳ. ಅದು ಇಲ್ಲಿ ಮೃದಂಗ, ಘಟ, ಖಂಜಿರಗಳ ನಡುವೆ ಕೇಳುತ್ತದೆ. ಅಮೆರಿಕದಲ್ಲಿ ಗುಂಥರ್ ಶುಲ್ಲರ್ 1957ರಲ್ಲಿ ಜಾಝ್ ಮತ್ತು ಶಾಸ್ತ್ರೀಯ ಸಂಗೀತ ಕೂಡಿದ ‘ಮೂರನೇ ಧಾರೆ’ಯ ಮಾತೆತ್ತಿದಾಗ ಅವರ ಮುಂದಿದ್ದದ್ದು ಬರೆದಿಟ್ಟ ಸ್ವರಲಿಪಿ ಮತ್ತು ಆಶುವಾದನದ ನಡುವಿನ ತೊಡಕು. ನಮ್ಮವರಿಗೆ ಆ ತೊಡಕೇ ಇರಲಿಲ್ಲ. ಕೃತಿ, ಮನೋಧರ್ಮ ಎರಡೂ ಒಂದೇ ಕಛೇರಿಯಲ್ಲಿ ಬಾಳಿದವು.

ಬ್ಲೂಸ್ ವಿಷಯ ಇಷ್ಟು ಸಲೀಸಲ್ಲ. ಕರ್ನಾಟಕ ಸಂಗೀತದ ಶುದ್ಧ ಧನ್ಯಾಸಿ, ಹಿಂದೂಸ್ತಾನಿಯ ಧಾನಿ, ಬ್ಲೂಸ್‌ನವರು ನೆಚ್ಚುವ ಐದು ಸ್ವರಗಳ ಶ್ರೇಣಿ ಮೂರೂ ಸರಿಸುಮಾರು ಒಂದೇ. ಇಷ್ಟು ಸಿಕ್ಕಿತೆಂದರೆ ಸಾಕು, ಧಾನಿಯನ್ನು ಗಿಟಾರಿನಲ್ಲಿ ಎಳೆದು ‘ಬ್ಲೂಸ್’ ಎಂದು ಘೋಷಿಸುವವರಿದ್ದಾರೆ. ಬ್ಲೂಸ್‌ನ ಕೋಮಲ ಗಾಂಧಾರ ನೋಯುವುದು ಕೆಳಗಿನ ಸ್ವರಮೇಳದಲ್ಲಿ ಶುದ್ಧ ಗಾಂಧಾರ ಕೂತಿರುವುದರಿಂದ. ಎರಡರ ತಿಕ್ಕಾಟವೇ ಅದರ ರುಚಿ. ತಂಬೂರಿಯ ಷಡ್ಜ ಪಂಚಮಗಳ ಮೇಲೆ ಅದೇ ಗಾಂಧಾರಕ್ಕೆ ಜಗಳವೇ ಇಲ್ಲ, ಹಾಯಾಗಿ ಕೂರುತ್ತದೆ. ಸ್ವರ ಒಂದೇ ಇದ್ದರೂ ಸಂಗೀತ ಬೇರೆ. ಈ ಕಡೆ ನಮ್ಮ ಫ್ಯೂಷನ್ ಇನ್ನೂ ಪೊಳ್ಳು ಎಂದೇ ನನ್ನ ಅಭಿಪ್ರಾಯ.

ಕದ್ರಿ ಗೋಪಾಲನಾಥರನ್ನು ಎಲ್ಲರೂ ಫ್ಯೂಷನ್ ಪಟ್ಟಿಗೆ ಸೇರಿಸುತ್ತಾರೆ. ಅವರ ಮುಖ್ಯ ಸಾಧನೆ ಅದಲ್ಲ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೋಫೋನನ್ನು ಗಮಕಕ್ಕೆ ಬಗ್ಗಿಸಿ ಅವರು ಕರ್ನಾಟಕ ಸಂಗೀತದ ಸ್ವಂತ ವಾದ್ಯವಾಗಿಸಿದರು. ಜಾಝ್‌ನ ಜೊತೆ ನಿಜವಾದ ಮುಖಾಮುಖಿ 2008ರ ‘ಕಿನ್ಸ್‌ಮೆನ್’ ಧ್ವನಿಮುದ್ರಿಕೆಯಲ್ಲಿ ಆಯಿತು. ಜೊತೆಗಿದ್ದವರು ಅಮೆರಿಕದಲ್ಲಿ ಬೆಳೆದ ಕನ್ನಡ ಮನೆತನದ ರುದ್ರೇಶ್ ಮಹಾಂತಪ್ಪ. ಇಬ್ಬರದೂ ಆಲ್ಟೊ ಸ್ಯಾಕ್ಸೋಫೋನ್. ಎರಡು ಕ್ಷಣ ಕೇಳಿದರೆ ಯಾರು ಯಾರೆಂದು ತಿಳಿಯುತ್ತದೆ: ಒಬ್ಬರ ಸ್ವರ ತೂಗುತ್ತದೆ, ಇನ್ನೊಬ್ಬರದು ಕಡಿಯುತ್ತದೆ. ಡ್ರಮ್ಸ್ ಏರಿದ ಕಡೆ ಪೂವಲೂರ್ ಶ್ರೀಜಿ ಅವರ ಮೃದಂಗ ಮುಳುಗುತ್ತದೆ, ಅದು ಕೊರತೆಯೇ. ಆದರೂ ಯಾರೂ ಇನ್ನೊಬ್ಬರ ವೇಷ ಹಾಕಲಿಲ್ಲ.

ತಮ್ಮತನ ಬಿಡದೆ ಜೊತೆಗೂಡುವುದು ಬೀದರ್‌ನ ಮಗ್ಗುಲ ಅಷ್ಟೂರಿನವರಿಗೆ ಹೊಸ ಪಾಠವೇನಲ್ಲ. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಶಾ ಇಲ್ಲಿ ಮುಸ್ಲಿಮರಿಗೆ ವಲಿ, ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭು. ಉರುಸಿಗೆ ಮಾಡಿಯಾಳದ ಜಂಗಮರು ಬರುತ್ತಾರೆ. ಸುಲ್ತಾನನ ಗೋರಿಯ ಒಳಗೋಡೆಯಲ್ಲಿ ಕೂಫಿ, ತುಘ್ರಾ, ನಸ್ಖ್ ಮೂರು ಬರಹಗಳೂ ತಮ್ಮ ತಮ್ಮ ತಿರುವು ಉಳಿಸಿಕೊಂಡೇ ಒಂದೇ ಬಣ್ಣದ ಹಂದರದಲ್ಲಿವೆ.

ಇಂಥ ಊರಿನ ಸುತ್ತ ಜಾಝ್ ಪ್ರಯೋಗ ಸುಳಿಯದಿದ್ದುದಕ್ಕೆ ಕಾರಣ ಮಡಿವಂತಿಕೆಯಲ್ಲ. ನಮ್ಮದು ಖಯಾಲಿನ ಸೀಮೆ. ಬೀದರ್ ಜಿಲ್ಲೆಯ ಮಾಣಿಕನಗರದಲ್ಲಿ ದತ್ತ ಜಯಂತಿಗೆ ಇಂದಿಗೂ ಹಿಂದೂಸ್ತಾನಿ ಹಾಡುತ್ತಾರೆ. ವಿಲಂಬಿತ ಏಕತಾಲದಷ್ಟು ನಿಧಾನಕ್ಕೆ ಜಾಝ್‌ನವರ ಓಟ ಹೊಂದುವುದು ಕಷ್ಟ. ಆದರೆ ಒಂದು ದ್ರುತ್ ತೀನ್‌ತಾಲ, ಒಂದು ತತ್ವಪದದ ಏಕತಾರಿ, ಒಂದು ಸ್ಯಾಕ್ಸೋಫೋನ್ ಕೂಡಿಸಲು ಯಾರು ಬೇಡ ಅಂದಾರು? ಬೀದರ್, ಭಾಲ್ಕಿ, ಔರಾದಗಳಲ್ಲಿ ಉತ್ಸವ ಮಾಡುವವರಲ್ಲಿ ಒಂದು ವಿನಂತಿ: ಮುಂದಿನ ಸಲ ಕೀಬೋರ್ಡಿನ ಬಾಡಿಗೆ ಉಳಿಸಿ, ಆ ಹಣದಲ್ಲಿ ಕಲಾವಿದರನ್ನು ಒಂದು ವಾರ ಮೊದಲೇ ಕರೆಸಿ ಒಟ್ಟಿಗೆ ತಾಲೀಮು ಮಾಡಿಸಿ.